ಉಪ್ಪಿಗೂ ನಿಷಾದಕ್ಕೂ

ಆರು ವರ್ಷ ಮಠದ ಅನ್ನ ಉಂಡು ಹಾಡು ಕಲಿತ ಕಲ್ಲಿನಾಥನಿಗೆ ಗುರುಗಳ ಮೇಲೆ ಗುಮಾನಿ ಹುಟ್ಟಿತ್ತು. ಹುಟ್ಟಿದ ಗುಮಾನಿ ಸುಮ್ಮನೆ ಕೂರುತ್ತದೆಯೇ? ಊಟ, ನಿದ್ದೆ ಎರಡನ್ನೂ ಕೆಡಿಸಿತ್ತು.

ಕಾರಣ ಒಂದು ನೋಟ್‌ಬುಕ್ಕು. ಇಟಲಿಯಿಂದ ಬಂದು ಆರೇ ತಿಂಗಳು ಕಲಿತು ಹೋದ ಲುಚೀಯಾ ಮರೆತು ಬಿಟ್ಟದ್ದು. ಆಲಾಪದ ಪುಟದಲ್ಲಿ, ನಿಷಾದ ಸ್ವರದ ಪಕ್ಕ, ಸೊಟ್ಟಪಟ್ಟ ಕನ್ನಡ ಅಕ್ಷರದಲ್ಲಿ ಬರೆದಿದ್ದಳು: ‘ಆ ಪಿಯಾಚೆರೆ’. ಮಠದ ಸಾರು ಮಾಡುವ ಬಗೆ ಬರೆದುಕೊಂಡ ಪುಟದಲ್ಲಿ, ಉಪ್ಪಿನ ಪಕ್ಕವೂ ಅದೇ ಮಾತು.

ಕಲ್ಲಿನಾಥ ಅದನ್ನು ಹಿಡಿದು ಹೊಳೆದಂಡೆಗೆ ನಡೆದ. ಗುರು ಚನ್ನಮಲ್ಲಯ್ಯನವರು ದೋತರ ಹಿಂಡುತ್ತಿದ್ದರು.

“ಅಜ್ಜಾರ, ಇದ್ಯಾವ ಮಂತ್ರ ಹೇಳಿಕೊಟ್ರಿ ಅಕಿಗೆ?”

“ಮಂತ್ರ ಅಲ್ಲ ತಮ್ಮಾ. ಅಕಿ ದೇಶದ ಮಾತು. ನಿನಗ ಹಿತ ಅನಿಸೋವಷ್ಟು ಅಂತ.”

“ಸಾರಿಗೂ ರಾಗಕ್ಕೂ ಒಂದ ಮಾತೇನ್ರಿ?”

“ಒಂದ.”

ಕಲ್ಲಿನಾಥ ನಂಬಲಿಲ್ಲ. ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದಕ್ಕೆ ಅಳತೆ ಇದ್ದೇ ಇರುತ್ತದೆ. ಮುದುಕ ಅದನ್ನು ಪರದೇಶದವಳಿಗೆ ಕೊಟ್ಟು ನನ್ನ ಮುಂದೆ ಬಾಯಿ ಬಿಡುತ್ತಿಲ್ಲ ಎಂದು ಅವನ ಹೊಟ್ಟೆ ಉರಿಯಿತು.

“ಅಳತಿ ಹೇಳ್ರಿ. ಇಲ್ಲಾಂದ್ರ ಇವತ್ತ ಮಠ ಬಿಡ್ತೀನಿ.”

“ಬಿಡುವಂತಿ. ಮಧ್ಯಾಹ್ನದ ಸಾರು ಮಾಡಿಟ್ಟು ಹೋಗು.”

ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಳ್ಳುತ್ತಲೇ ಕಲ್ಲಿನಾಥ ಒಲೆ ಹೊತ್ತಿಸಿದ. ಗುರುಗಳು ಅಡುಗೆಮನೆಯ ಬಾಗಿಲಲ್ಲಿ ಕೂತರು. ಅವನು ಒಂದು ಚಿಟಿಕೆ ಉಪ್ಪು ಹಾಕಿ ಅವರ ಮುಖ ನೋಡಿದ. ಹುಬ್ಬು ಗಂಟಿಕ್ಕಿದ್ದರು, ಸಾಲದೇನೋ ಎಂದು ಒಂದು ಮುಷ್ಟಿ ಸುರಿದ. ಕೆಮ್ಮಿದರು, ಕೈ ತಡೆದ. ಕಿವಿ ತುರಿಸಿಕೊಂಡರು, ಇನ್ನಷ್ಟು ಹಾಕಿದ.

ಊಟಕ್ಕೆ ಕೂತಾಗ ಮೊದಲ ತುತ್ತೇ ಗಂಟಲಲ್ಲಿ ಇಳಿಯಲಿಲ್ಲ. ಉಪ್ಪೋ ಉಪ್ಪು.

“ಬೇಕಂತ ಸನ್ನೆ ಮಾಡಿ ದಾರಿ ತಪ್ಪಿಸಿದ್ರಿ.”

“ಹೊಗಿ ಬಂತು, ಕೆಮ್ಮಿದೆ. ಕಿವಿ ಮ್ಯಾಲ ನೊಣ ಕೂತಿತ್ತು. ನೀ ಒಂದ ಸಲನಾದ್ರೂ ರುಚಿ ನೋಡಿದ್ಯೇನು?”

ಕಲ್ಲಿನಾಥ ತಲೆ ತಗ್ಗಿಸಿದ. ಸಿಟ್ಟು ಇಳಿದಿರಲಿಲ್ಲ, ಮೇಲೆ ನಾಚಿಕೆಯೂ ಸೇರಿಕೊಂಡಿತು.

ಗುರುಗಳು ಕೈ ತೊಳೆದು, ತಂಬೂರಿ ತಂದು ಅವನ ಮುಂದಿಟ್ಟರು. ಹೆಗಲ ಮೇಲಿನ ಶಲ್ಯವನ್ನು ಮುಖದ ಮೇಲೆ ಎಳೆದುಕೊಂಡು ಎದುರಿಗೆ ಕೂತರು.

“ನಿಷಾದ ಹಿಡಿ.”

ಹಿಡಿದ. ಆರು ವರ್ಷದ ರೂಢಿ, ಕಣ್ಣು ಗುರುಗಳ ಮುಖ ಹುಡುಕಿತು. ಬರೀ ಬಟ್ಟೆ. ಸ್ವರ ನಡುಗಿತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

“ಎಲ್ಲಿ ಬಿಡ್ಲಿ, ಅಜ್ಜಾರ?”

ಬಟ್ಟೆಯ ಒಳಗಿಂದ ದನಿ ಬಂತು: “ನಾ ಸತ್ತ ಮ್ಯಾಲ ಯಾರನ್ನ ಕೇಳ್ತಿ? ನಿನ್ನ ಕಿವೀನ್ನ ತಾನ? ಈಗೂ ಅದನ್ನ ಕೇಳು.”