ನಾಲ್ಕು ಅಂಗಿಯ ಮಾತ್ರೆ

ಸಾರಿಗೆ ಎರಡು ಸಲ ಉಪ್ಪು ಬೀಳದಂತೆ ಕಾಯುವ ಮದುವೆ ಅಡುಗೆಯ ಅಪ್ಪಣ್ಣ ಭಟ್ಟರ ಹೊಟ್ಟೆಯೊಳಗೆ ಒಂದು ಬಡಪಾಯಿ ಲಿವರ್ ಇತ್ತು. ಅವರು ನುಂಗಿದ್ದೆಲ್ಲದರ ಎಂಜಲೆಲೆ ಎತ್ತುವುದು ಅದರ ಕೆಲಸ.

ಲಗ್ನದ ಕಾಲ. ದಿನಾ ಬೆಳಿಗ್ಗೆ ಸೊಂಟನೋವಿಗೆ ಬಿಳಿ ಮಾತ್ರೆ, ಮಧ್ಯಾಹ್ನ ನೆಗಡಿಗೆ ಹಳದಿ, ಸಂಜೆ ಮೈಕೈನೋವಿಗೆ ಕೆಂಪು.

ಲಿವರ್ ಕೈ ಮುಗಿಯಿತು. "ಸ್ವಾಮಿ, ಮೂರು ಪಂಕ್ತಿಗೂ ತಾವೊಬ್ಬರೇ ಅಲ್ಲವೇ ಬರುತ್ತಿರುವುದು?"

"ಒಳಗಿನ ಮದ್ದು ಒಂದೇ ಆದರೇನು, ಅಂಗಿ ಬೇರೆ, ಹೆಸರೂ ಬೇರೆ. ಭಟ್ಟರೇ ಕರೆದಿರುವಾಗ ನಿನ್ನದೇನು ತಕರಾರು?" ಎಂದಿತು ಮಾತ್ರೆ.

"ಒಂದೆರಡು ಎಲೆಯಾದರೆ ಎತ್ತಿಯೇನು. ಇಷ್ಟಾದರೆ ತಮ್ಮ ಎಂಜಲಿನ ವಿಷ ನನ್ನನ್ನೇ ತಿನ್ನುತ್ತದೆ."

"ಹಾಗಾದರೆ ಸೊಂಟದ ಹಾಗೆ ಕಿರುಚು. ಈ ಮನೆಯಲ್ಲಿ ಕಿರುಚಿದವರಿಗಷ್ಟೇ ಉಪಚಾರ."

ಲಿವರ್‌ಗೆ ಕಿರುಚಲು ಬಾರದು. ಬಗ್ಗಿ ಎಲೆ ಎತ್ತುತ್ತಲೇ ಇತ್ತು. ಲಗ್ನಗಳು ಮುಗಿಯುವ ಹೊತ್ತಿಗೆ ನೆಲ ಹಿಡಿಯಿತು.

ಭಟ್ಟರ ಕಣ್ಣು ಅರಿಶಿನದಂತಾಯಿತು. ಅವರು ಹೊಟ್ಟೆ ಹಿಡಿದುಕೊಂಡು ಹೆಂಡತಿಯನ್ನು ಕೂಗಿದರು: "ಇವಳೇ, ಆ ನೀಲಿ ಮಾತ್ರೆ ಕೊಡು. ಇದು ಬೇರೆ ನೋವು."

ನೀಲಿ ಅಂಗಿ ತೊಟ್ಟು ಅದೇ ಮಾತ್ರೆ ಠೀವಿಯಿಂದ ಒಳಗೆ ಬಂತು. ಹಿಂದಿನ ಪಂಕ್ತಿಗಳ ಎಲೆಗಳೆಲ್ಲ ಹಾಗೇ ಬಿದ್ದಿದ್ದವು.

"ಯಾರಲ್ಲಿ? ಎಲೆ ಎತ್ತಿ!" ಎಂದು ಗದರಿತು.

ಯಾರೂ ಏಳಲಿಲ್ಲ.