ತಲೆದಿಂಬಿನ ನೇಮ

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ದೀಪದ ಕುಡಿ ಸರಿಮಾಡಿರಿ, ಮಕ್ಕಳನ್ನು ಹತ್ತಿರ ಕರೆದು ಕೂರಿಸಿಕೊಳ್ಳಿರಿ. ಈ ವಾರ ನಿಮ್ಮ ಕೈ ಮಾಡಿದ ಕೆಲಸ ಯಾವುದೋ, ಹೊಲಿದ ರವಿಕೆಯಾದರೆ ರವಿಕೆ, ಹೆಣೆದ ಬುಟ್ಟಿಯಾದರೆ ಬುಟ್ಟಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಕೇಳಿರಿ. ಕ್ರಿಸ್ತ ಜಯಂತಿಗೆ ಮುಂಚಿನ ಆಗಮನ ಕಾಲದ ಶನಿವಾರ ಹೇಳುವ ಕಥೆ ಇದು.

ಕೆಂಚನಪಾಳ್ಯವೆಂಬ ಊರಲ್ಲಿ ಇನ್ನಾಸಪ್ಪನೆಂಬ ಬಡವನೂ ಅವನ ಹೆಂಡತಿ ಜ್ಞಾನಮ್ಮನೂ ಇದ್ದರು. ಬೇಸಿಗೆ ಬಂತೆಂದರೆ ಅವನು ಸುತ್ತಲಿನ ಬೂರುಗದ ಮರಗಳನ್ನು ಹತ್ತಿ ಕಾಯಿ ಉದುರಿಸಿ ತರುವನು, ಅವಳು ಕಾಯಿ ಒಡೆದು, ಅರಳೆ ಬಿಡಿಸಿ, ಬೀಜ ಆಯ್ದು, ದಿಂಬು ತುಂಬಿ ಹೊಲಿದು ವರುಷವೆಲ್ಲ ಸಂತೆಗೆ ಹಾಕುವಳು. ಪ್ರತಿ ದಿಂಬಿನ ಮೂಲೆಯಲ್ಲೂ ಕೆಂಪು ನೂಲಿನ ಪುಟ್ಟ ಶಿಲುಬೆ. ಅದು ಆ ಮನೆಯ ಗುರುತು.

ಆ ಗುರುತಿಗೊಂದು ನೇಮವಿತ್ತು. ಜ್ಞಾನಮ್ಮ ಸೊಸೆಯಾಗಿ ಬಂದ ವರುಷ ಅತ್ತೆ ಸಂತಮ್ಮ ಅವಳ ಕೈಗೆ ಸೂಜಿಯಿತ್ತು ಹೇಳಿಕೊಟ್ಟಿದ್ದಳು: ದಿಂಬು ತುಂಬಿದ ಮೇಲೆ ಅದನ್ನು ನೆಲದ ಮೇಲಿಟ್ಟು, ನಿನ್ನ ಕೆನ್ನೆಯನ್ನು ಆನಿಸಿ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪರಲೋಕ ಮಂತ್ರ ಒಮ್ಮೆ ಮುಗಿಯುವಷ್ಟು ಹೊತ್ತು ಮಲಗಬೇಕು, ಇದರ ಮೇಲೆ ತಲೆಯಿಡುವವರಿಗೆ ನಿದ್ದೆ ಕೊಡು ಸ್ವಾಮಿ ಎಂದು ಬೇಡಬೇಕು, ಒಂದೇ ಒಂದು ಬೀಜ ಕೆನ್ನೆಗೆ ತಗುಲಿದರೂ ಬಿಚ್ಚಿ ಆಯಬೇಕು, ಆಮೇಲೆಯೇ ಶಿಲುಬೆ ಹೊಲಿಯಬೇಕು. "ನಮ್ಮ ಸ್ವಾಮಿಗೆ ಈ ಲೋಕದಲ್ಲಿ ತಲೆಯಿಡೋಕೆ ತಾವಿರಲಿಲ್ಲ ಕಣಮ್ಮ. ಯಾರ ರೂಪದಲ್ಲಿ ಬಂದು ಮಲಗ್ತಾನೋ ನಮಗೇನು ಗೊತ್ತು?" ಎಂದಿದ್ದಳು.

ಆ ಮನೆಗೆ ಇನ್ನೊಂದು ಗೌರವವೂ ಇತ್ತು. ಕ್ರಿಸ್ತ ಜಯಂತಿಗೆ ದೇವಾಲಯದ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ಗೇಣುದ್ದದ ಹಾಸಿಗೆ ಅಲ್ಲಿಂದಲೇ ಹೋಗಬೇಕು. ವರುಷದ ಮೊದಲ ಮರದ ಅರಳೆ ಅದಕ್ಕೆಂದೇ ಮೀಸಲು.

ಅತ್ತೆ ಸ್ವಾಮಿಯ ಪಾದ ಸೇರಿದಳು. ಸಂತೆಯಲ್ಲಿ ದಿಂಬಿಗೆ ಗಿರಾಕಿ ಹೆಚ್ಚಿತು. ಇಪ್ಪತ್ತು ದಿಂಬಿಗೆ ಇಪ್ಪತ್ತು ಪರಲೋಕ ಮಂತ್ರ ಹೇಳುತ್ತ ಮಲಗಿದರೆ ಒಲೆ ಹಚ್ಚುವವರು ಯಾರೆಂದು ಜ್ಞಾನಮ್ಮ ಮೊದಲು ಮಂತ್ರ ಬಿಟ್ಟಳು, ಆಮೇಲೆ ಕೆನ್ನೆ ಆನಿಸುವುದನ್ನು ಬಿಟ್ಟಳು, ಆಮೇಲೆ ಬೀಜ ಆಯುವುದನ್ನೂ ಬಿಟ್ಟಳು, ಕಡೆಗೆ ಕಾಯಿಯ ಸಿಪ್ಪೆಯ ಚೂರುಗಳೂ ದಿಂಬಿನೊಳಗೆ ಸೇರಿದವು. ಶಿಲುಬೆಯನ್ನು ಮಾತ್ರ ಬಿಡಲಿಲ್ಲ. ಗೋದಲಿಯ ಹಾಸಿಗೆಗಾದರೆ ಮೂರು ಸಲ ಅರಳೆ ಆಯ್ದು, ಮೂರು ಸಲ ಕೆನ್ನೆ ಆನಿಸುವಳು. ಹೆಂಗಸರೆಲ್ಲ ಮುಟ್ಟಿ ನೋಡಿ ಬೆಣ್ಣೆ ಎನ್ನುವರು, ಅವಳು ಸೆರಗು ಹೊದ್ದು ತಲೆ ತಗ್ಗಿಸುವಳು, ಒಳಗೊಳಗೇ ಹಿಗ್ಗುವಳು. ಇನ್ನಾಸಪ್ಪ ಒಮ್ಮೆ, "ಲೇ, ಸಂತೇ ದಿಂಬು ಯಾಕೋ ಗರಗರ ಅಂತದಲ್ಲ" ಎಂದರೆ, "ಸಂತೆಯೋರಿಗೆ ಅಷ್ಟು ಸಾಕು, ನೀವು ಕಾಯಿ ತನ್ನಿ" ಎಂದಳು.

ಹೀಗಿರಲು ಒಂದು ಬೇಸಿಗೆಯಲ್ಲಿ ಮೊದಲ ಮರದ ಅರಳೆ ಮನೆ ಸೇರಿ, ಮೂಟೆ ಕಟ್ಟಿ ಅಟ್ಟಕ್ಕೇರಿತು. ಮಾರನೆಯ ದಿನ ಇನ್ನಾಸಪ್ಪ ಎರಡನೆಯ ಮರ ಹುಡುಕಿಕೊಂಡು ಕಲ್ಲುಗುಡ್ಡದ ಕೇರಿಗೆ ಹೋದವನು ಕೊಂಬೆ ಮುರಿದು ಬಿದ್ದ. ತೊಡೆಯ ಮೂಳೆ ಮುರಿಯಿತು. ಅಲ್ಲೇ ಜಲ್ಲಿ ಒಡೆಯುತ್ತಿದ್ದ ದ್ಯಾವಮ್ಮನೆಂಬ ಒಂಟಿ ಹೆಂಗಸು ನಾಲ್ಕು ಜನರನ್ನು ಕೂಗಿ ಕರೆದು, ತನ್ನ ಗುಡಿಸಲಿಗೆ ಹೊರಿಸಿ, ತನ್ನ ಚಾಪೆಯ ಮೇಲೆ, ತನ್ನ ದಿಂಬನ್ನೇ ತಲೆಗಿಟ್ಟು ಮಲಗಿಸಿದಳು. ಮೂಳೆ ಕಟ್ಟುವವನು ಬಂದು ಪಟ್ಟು ಹಾಕಿ, ಒಂಬತ್ತು ದಿನ ಇವನನ್ನು ಅಲುಗಿಸಬಾರದು, ಚೆನ್ನಾಗಿ ನಿದ್ದೆ ಮಾಡಿದರೆ ಕಾಲು ಕೂಡುತ್ತದೆ, ಹೊರಳಾಡಿದರೆ ಕುಂಟನಾಗುತ್ತಾನೆ ಎಂದು ಹೇಳಿ ಹೋದ.

ಜ್ಞಾನಮ್ಮ ಎದೆ ಬಡಿದುಕೊಂಡು ಓಡಿಬಂದು ಗಂಡನ ಬಳಿ ಕೂತಳು. ಆದರೆ ಅವನಿಗೆ ನಿದ್ದೆಯೇ ಹತ್ತದು. ಒಂದು ದಿನವಾಯಿತು, ಎರಡು ದಿನವಾಯಿತು, ಕಣ್ಣು ಕೆಂಡದಂತಾದವು, ಕತ್ತು ಅತ್ತಿತ್ತ ಹೊರಳುತ್ತಲೇ ಇತ್ತು. ಮೂರನೆಯ ದಿನ ಅವನು ನರಳಿ, "ಜ್ಞಾನಾ, ಕಾಲಿನ ನೋವಾದ್ರೂ ತಡ್ಕೋತೀನಿ. ಈ ದಿಂಬಿಗೆ ಜಲ್ಲಿ ತುಂಬಿದೋರು ಯಾರೇ?" ಎಂದ.

ದ್ಯಾವಮ್ಮ ಒಲೆಯ ಮುಂದಿನಿಂದಲೇ ನಕ್ಕಳು. "ಜಲ್ಲಿ ಅಲ್ಲ ಕಣಣ್ಣ, ಬೂರುಗದ ದಿಂಬೇ. ಸಂತೇಲಿ ಅದರ ಮೂಲೇಲಿ ನಿಮ್ಮ ದೇವರ ಗುರುತು ಕಂಡೆ, ಕಿರಿಸ್ತಾನದೋರು ಮೋಸ ಮಾಡಲ್ಲ ಅಂತ ಬಿಚ್ಚಿ ನೋಡದೇನೇ ತಗಂಡೆ. ಮೊದಮೊದಲು ಕಿವಿಗೆ ಚುಚ್ಚೋದು. ನನ್ನ ತಲೆಯೇ ಸರಿಯಿಲ್ಲ ಅಂದ್ಕಂಡು ಸುಮ್ಕಾದೆ."

ಜ್ಞಾನಮ್ಮನಿಗೆ ನೆಲ ಬಿರಿಯಬಾರದೇ ಎನ್ನಿಸಿತು. ಗಂಡನ ತಲೆಯನ್ನು ಮೆಲ್ಲನೆ ಎತ್ತಿ ಮಡಿಲಿಗಿಟ್ಟುಕೊಂಡು ದಿಂಬನ್ನು ಎಳೆದು ನೋಡಿದರೆ, ಮೂಲೆಯಲ್ಲಿ ಕೆಂಪು ನೂಲು, ತನ್ನದೇ ಹೊಲಿಗೆ. ದ್ಯಾವಮ್ಮ ನೀರಿಗೆ ಹೋದ ಹೊತ್ತಿನಲ್ಲಿ, ಗಂಡನ ತಲೆಗೆ ಸೆರಗು ಮಡಿಸಿ ಕೊಟ್ಟು, ಆ ದಿಂಬನ್ನು ನೆಲದ ಮೇಲಿಟ್ಟು, ಎಷ್ಟೋ ವರುಷಗಳ ಮೇಲೆ ಮೊದಲ ಸಲ ಕೆನ್ನೆ ಆನಿಸಿ ಮಲಗಿದಳು. ಬೀಜ ಚುಚ್ಚಿತು. ಸಿಪ್ಪೆ ಚುಚ್ಚಿತು. ಪರಲೋಕ ಮಂತ್ರ ಹೇಳಹೋದರೆ ಅರ್ಧಕ್ಕೇ ನಿಂತಿತು. ಇಷ್ಟು ದಿನ ಇದರ ಮೇಲೆ ಮಲಗಿದ ದ್ಯಾವಮ್ಮನ ತಲೆಯೇ ಅತ್ತೆ ಹೇಳಿದ ಸ್ವಾಮಿಯ ತಲೆ ಎಂದು ಅವಳಿಗೆ ಆಗ ತಿಳಿಯಿತು.

ದ್ಯಾವಮ್ಮ ಕೊಡ ಇಳಿಸುವಷ್ಟರಲ್ಲಿ ಜ್ಞಾನಮ್ಮ ಅವಳ ಮುಂದೆ ನಿಂತು, "ಅಕ್ಕಾ, ಇದನ್ನ ಹೊಲಿದೋಳು ನಾನು" ಎಂದಳು. ದ್ಯಾವಮ್ಮ ದಿಂಬನ್ನು ಎತ್ತಿ ಅವಳ ಕೈಗೆ ಕೊಟ್ಟಳು. ಬೈಯಲಿಲ್ಲ. "ಹಂಗಾದ್ರೆ ಬಿಚ್ಚು," ಎಂದಳು, "ನಿನ್ನ ಗಂಡ ಮಲಗಬೇಕಲ್ಲ."

ಮನೆಯಲ್ಲಿ ಇದ್ದುದು ಗೋದಲಿಯ ಮೀಸಲು ಅರಳೆ ಒಂದೇ. ಗಂಡ ಮರ ಹತ್ತುವಂತಿಲ್ಲ, ಆ ವರುಷ ಬೇರೆ ಅರಳೆ ಬರುವಂತಿಲ್ಲ, ಅದನ್ನು ಮುಟ್ಟಿದರೆ ಅತ್ತೆಯ ಕಾಲದಿಂದ ಬಂದ ಗೌರವ ಹೋಗುತ್ತದೆ. ಜ್ಞಾನಮ್ಮ ಮನೆಗೆ ಓಡಿ, ದೇವಾಲಯದ ಕಡೆಗೆ ಒಮ್ಮೆ ನೋಡಿದಳು, ಅಟ್ಟ ಹತ್ತಿ ಮೂಟೆ ಇಳಿಸಿದಳು. ಗುಡಿಸಲಿಗೆ ಮರಳಿ, ದ್ಯಾವಮ್ಮನ ದಿಂಬನ್ನು ಬರಿದು ಮಾಡಿ, ಮೀಸಲು ಅರಳೆ ತುಂಬಿ, ಕೆನ್ನೆ ಆನಿಸಿ, ದ್ಯಾವಮ್ಮನ ಹೆಸರೆತ್ತಿ ಬೇಡಿ, ಹೊಲಿದಳು. ಇನ್ನಾಸಪ್ಪ ಅದರ ಮೇಲೆ ತಲೆಯಿಟ್ಟವನು ಮಾರನೆಯ ಮಧ್ಯಾಹ್ನದವರೆಗೆ ಮಿಸುಕಲಿಲ್ಲ. ಒಂಬತ್ತು ದಿನಕ್ಕೆ ಮೂಳೆ ಹಿಡಿಯಿತು, ದಿಂಬು ದ್ಯಾವಮ್ಮನಿಗೆ ಉಳಿಯಿತು.

ಊರಿಗೆ ಬಂದ ಜ್ಞಾನಮ್ಮ, ತನ್ನ ಗುರುತಿನ ಕೆಟ್ಟ ದಿಂಬು ಒಂದೂ ಹೊರಗೆ ಉಳಿಯದಂತೆ ಆಗುವ ತನಕ ಶಿಲುಬೆ ಹೊಲಿಯುವುದಿಲ್ಲ ಎಂದು ಹರಕೆ ಹೊತ್ತಳು. ಸಂತೆಯಲ್ಲಿ ನಿಂತು, ನನ್ನ ದಿಂಬು ಚುಚ್ಚಿದವರು ತನ್ನಿರಿ ಎಂದು ಕೂಗಿದಳು. ನಕ್ಕವರು ನಕ್ಕರು, ಬೈದವರು ಬೈದರು, ತಂದವರು ತಂದರು. ಒಂದೊಂದನ್ನೂ ಬಿಚ್ಚಿ ಆಯ್ದರೆ ಅರಳೆ ಅರ್ಧಕ್ಕೆ ಇಳಿಯುವುದು, ಉಳಿದರ್ಧಕ್ಕೆ ಮೀಸಲು ಅರಳೆ ಸೇರುವುದು. ಹೀಗೆ ಕಡೆಯ ದಿಂಬೂ ಸರಿಯಾಗುವ ಹೊತ್ತಿಗೆ ಮೂಟೆ ಬರಿದಾಯಿತು. ಆಯ್ದ ಬೀಜಗಳನ್ನು ಹಿತ್ತಲಿಗೆ ಎರಚಿದಳು.

ಆಗಮನ ಕಾಲ ಬಂತು. ನೆರೆಮನೆಯ ಜಪಮಾಲಮ್ಮ ಬಾವಿಕಟ್ಟೆಯಲ್ಲಿ, "ಏನ್ ಜ್ಞಾನಮ್ಮಾ, ಈ ಸಲ ಬಾಲಯೇಸು ಬರೀ ಹುಲ್ಲಿನ ಮೇಲೇನಾ?" ಎಂದು ಚುಚ್ಚಿದಳು. ಜ್ಞಾನಮ್ಮನ ಮನೆಯಲ್ಲಿ ಉಳಿದಿದ್ದು ದ್ಯಾವಮ್ಮನ ದಿಂಬಿನಿಂದ ತೆಗೆದ ಕಸದರಳೆ ಮಾತ್ರ. ಅವಳು ಅದನ್ನೇ ಮೊರಕ್ಕೆ ಹಾಕಿಕೊಂಡು ಶನಿವಾರ ಶನಿವಾರ ಕೂತು, ಎಳೆ ಎಳೆ ಬಿಡಿಸಿ, ಬೀಜ ಬೀಜ ಆಯ್ದು, ಗೇಣುದ್ದದ ಹಾಸಿಗೆ ತುಂಬಿದಳು.

ಜಯಂತಿಯ ಮುನ್ನಾದಿನ ದ್ಯಾವಮ್ಮ ಗೋದಲಿ ನೋಡಲು ಬಂದಳು. ಎಲ್ಲರ ಎದುರಿಗೆ ಜ್ಞಾನಮ್ಮ ಆ ಹಾಸಿಗೆಯನ್ನು ಅವಳ ಕೈಗೆ ಕೊಟ್ಟು, "ಅಕ್ಕಾ, ನನ್ನ ಕೆನ್ನೆ ನನಗೇ ನಂಬಿಕೆಯಿಲ್ಲ. ನೀನು ಹೇಳು" ಎಂದಳು. ಜಪಮಾಲಮ್ಮನೂ ಕತ್ತು ಚಾಚಿ ನೋಡುತ್ತಿದ್ದಳು. ಜಲ್ಲಿ ಒಡೆದು ಬಿರಿದ ಕೈಗಳಲ್ಲಿ ದ್ಯಾವಮ್ಮ ಅದನ್ನು ಎತ್ತಿ, ಕೆನ್ನೆಗೊತ್ತಿ, ಕಣ್ಣು ಮುಚ್ಚಿ, ಒಂದು ಪರಲೋಕ ಮಂತ್ರ ಮುಗಿಯುವಷ್ಟು ಹೊತ್ತು ಹಾಗೆಯೇ ನಿಂತಳು.

"ಚುಚ್ಚಲ್ಲ ಕಣವ್ವ," ಎಂದಳು. "ಮಗ ಮಲಗ್ತದೆ."

ಆಗ ಜ್ಞಾನಮ್ಮ ಸೂಜಿಗೆ ಕೆಂಪು ನೂಲು ಪೋಣಿಸಿ, ಅಲ್ಲೇ ಕೂತು, ಮೂಲೆಯಲ್ಲಿ ಶಿಲುಬೆ ಹೊಲಿದಳು.

ಮುಂಗಾರಿನಲ್ಲೇ ಹಿತ್ತಲ ಬೀಜಗಳು ಮೊಳೆತಿದ್ದವು. ಅವು ಮರವಾಗಿ, ಇನ್ನಾಸಪ್ಪ ದೂರದ ಮರ ಹತ್ತುವ ಕಷ್ಟ ತಪ್ಪಿ, ಆ ಮನೆಯಲ್ಲಿ ಅನ್ನಕ್ಕೂ ನಿದ್ದೆಗೂ ಕೊರತೆಯಾಗಲಿಲ್ಲ. ಹಬ್ಬದ ದಿನ ದ್ಯಾವಮ್ಮನಿಗೆ ಅವರ ಪಂಕ್ತಿಯಲ್ಲಿ ಎಲೆ ಬೀಳದ ವರುಷವಿಲ್ಲ.

ಈಗ ನಿಮ್ಮ ಮಡಿಲಲ್ಲಿರುವುದನ್ನು ಕೆನ್ನೆಗೆ ಆನಿಸಿರಿ. ಅದು ಯಾರ ಕೈ ಸೇರುವುದೋ ಅವರ ಹೆಸರೆತ್ತಿ ಪರಲೋಕ ಮಂತ್ರ ಹೇಳಿರಿ. ಚುಚ್ಚಿದರೆ ನಾಚದೆ ಬಿಚ್ಚಿರಿ. ಈ ಕಥೆಯನ್ನು ಹೇಳಿದವರ ಕೈಕೆಲಸ ಹಸನಾಗಲಿ, ಕೇಳಿದವರಿಗೆ ತಲೆಯಿಟ್ಟ ಕಡೆ ನಿದ್ದೆ ಬರಲಿ, ಜ್ಞಾನಮ್ಮನಿಗೆ ತಿರುಗಿ ದೊರೆತ ಗುರುತು ನಮ್ಮೆಲ್ಲರ ಕೆಲಸದ ಮೂಲೆಯಲ್ಲೂ ಉಳಿಯಲಿ. ಆಮೆನ್.