ಬೆಚ್ಚಗುಂಡಿಯ ಅಮ್ಮನೂ ನೀಲಿ ಗುಳ್ಳೆಗಳೂ

ಪಶ್ಚಿಮಸಮುದ್ರದ ತೆರೆಗಳು ಇಂದಿನ ತೆಂಗಿನ ತೋಪಿನವರೆಗೂ ಬಂದು ಮರಳುತ್ತಿದ್ದ ಪುರಾತನ ಯುಗದಲ್ಲಿ, ಈ ಕರಿಬಂಡೆಯ ತೀರದಲ್ಲಿ, ಬಹುಕಾಲದ ಹರಕೆಯ ಫಲವಾಗಿ ಜನಿಸಿದ ದುಗ್ಗಿಯೆಂಬ ಹೆಣ್ಣುಶಿಶುವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತ, ಇಳಿತದ ವೇಳೆಯಲ್ಲಿ ಚಿಪ್ಪುಗಳನ್ನಾಯ್ದು ಬದುಕುತ್ತಿದ್ದ ಬುದವಂತಿ ಎಂಬ ಬೆಸ್ತರ ಹೆಂಗಸೊಬ್ಬಳಿದ್ದಳು.

ಒಮ್ಮೆ ಪಡುವಣ ಗಾಳಿ ಬಿರುಸಾಗಿ ಬೀಸಲು, ಪುಟ್ಟ ಹಾಯಿಯನ್ನೆತ್ತಿ ತೇಲುವ ನೀಲಿ ಗುಳ್ಳೆಯಂಥ ಜೀವಿಗಳು ರಾಶಿರಾಶಿಯಾಗಿ ದಡಕ್ಕೆ ಬಿದ್ದವು. ತಾಯಿ ಚಿಪ್ಪು ಹುಡುಕುತ್ತಿದ್ದಾಗ, ಹೂವೆಂದು ಬಗೆದ ಮಗು ಒಂದನ್ನು ಬಾಚಿಕೊಂಡಿತು. ಅದರಡಿಯ ನೂಲಿನಂಥ ಎಳೆಗಳು ಸುತ್ತಿಕೊಂಡು ಎಳೆಗೈಯ ತುಂಬ ಬರೆಯೆಳೆದಂತೆ ಕೆಂಪುಗೆರೆಗಳೆದ್ದವು. ಕಡಲಿನಿಂದ ಬಂದುದನ್ನು ಸಿಹಿನೀರಿನಿಂದ ತೊಳೆಯದೆ ಹೊಸ್ತಿಲು ದಾಟಿಸಬಾರದೆಂಬುದು ಆ ಕೇರಿಯ ಕಟ್ಟಳೆ. ಬುದವಂತಿ ಕೊಡಗಟ್ಟಲೆ ಬಾವಿನೀರು ಸುರಿದಳು. ಸುರಿದಷ್ಟೂ ಉರಿ ಹೆಚ್ಚಿ ಕೂಸಿನ ಉಸಿರು ಕುಂದತೊಡಗಿತು. ಪಾಪ, ಹೆತ್ತ ಕರುಳು ಎಷ್ಟೆಂದು ತಾಳೀತು!

ಪತಿಯಾದ ಜಟ್ಟಿಯು ಕ್ರೋಧಾವಿಷ್ಟನಾಗಿ ಕಲ್ಲೆತ್ತಿ ಗುಳ್ಳೆಗಳನ್ನು ಜಜ್ಜತೊಡಗಿದನು. ಬುದವಂತಿ ಮಗುವನ್ನು ಎದೆಗವಚಿಕೊಂಡು, ಕಡಲ ತಾಯಿ ಸಮುದ್ರಾಂಬಿಕೆಯ ನೆಲೆಯೆಂದು ಕೇರಿಯವರು ನಂಬಿದ್ದ ಕರಿಬಂಡೆಯ ಬುಡದಲ್ಲಿ ಕುಸಿದಳು.

"ಅಮ್ಮಾ, ನನ್ನ ಕೂಸು ನಿಂಗೆ ಎಂತ ಮಾಡಿತ್ತೇ? ಬೇಕಾರೆ ನನ್ನ ತಕ. ಕೊಡೂಕೆ ನನ್ನ ಹತ್ರ ಮತ್ತೆಂತದೂ ಇಲ್ಲ."

ಆಗ ಬಂಡೆಯೊಳಗಿನಿಂದ ಸಮುದ್ರಾಂಬಿಕೆಯ ಕರುಣಾರ್ದ್ರವಾಣಿ ಕೇಳಿಬಂದಿತು: "ಮಗಳೇ, ಆ ಗುಳ್ಳೆ ನಿನ್ನ ವೈರಿಯಲ್ಲ. ಅದು ಒಂದೇ ಜೀವವೂ ಅಲ್ಲ, ಕೂಡುಕುಟುಂಬ. ಒಬ್ಬರು ತೇಲಿಸುವರು, ಒಬ್ಬರು ಬೇಟೆಯಾಡುವರು, ಒಬ್ಬರು ಅರಗಿಸಿ ಎಲ್ಲರಿಗೂ ಉಣಿಸುವರು, ಒಬ್ಬರು ಸಂತಾನವನ್ನು ಕೊಡುವರು; ಅಗಲಿದರೆ ಯಾರೂ ಉಳಿಯರು. ಈಜಲರಿಯದ ಆ ಸಂಸಾರವನ್ನು ಗಾಳಿಯೇ ಇಲ್ಲಿಗೆ ಎಸೆದಿದೆ. ಅಂಟಿದ ಎಳೆಗಳೊಳಗೆ ಇನ್ನೂ ವಿಷವಿದೆ, ಸಿಹಿನೀರು ಅದನ್ನು ಕೆರಳಿಸಿತು. ಕಡಲ ನೀರಿನಲ್ಲೇ ತೊಳೆ, ಕಡ್ಡಿಯಿಂದ ಎಳೆಗಳನ್ನು ಬಿಡಿಸು, ಬಳಿಕ ನನ್ನ ಮಡಿಲಲ್ಲಿ ಆ ಕೈಯನ್ನಿಡು."

ಒಡನೆಯೇ ಬಂಡೆ ಬಿರಿದು ಬೆಚ್ಚಗಿನ ಉಪ್ಪುನೀರು ಉಕ್ಕಿತು. ಅಮ್ಮ ಹೇಳಿದಂತೆ ಮಾಡಲು, ಮಗುವಿನ ನರಳಿಕೆ ಬಿಕ್ಕಳಿಕೆಯಾಗಿ, ಬಿಕ್ಕಳಿಕೆ ನಿದ್ದೆಯಾಯಿತು. ಬುದವಂತಿ ಬಿಕ್ಕಿಬಿಕ್ಕಿ ಅತ್ತಳು. ಜಟ್ಟಿ ಕಲ್ಲನ್ನು ಕೆಳಗಿಟ್ಟು, ತೆಂಗಿನ ಗರಿಯ ಹೆಡೆಯೊಂದನ್ನು ತಂದು, ಇನ್ನೂ ಮಿಸುಕುತ್ತಿದ್ದ ಗುಳ್ಳೆಗಳನ್ನು ಒಂದೊಂದಾಗಿ ತೆರೆಯೊಳಗೆ ತಳ್ಳಿದನು.

ಬೆಚ್ಚಗುಂಡಿಯೆಂದು ಪ್ರಸಿದ್ಧವಾದ ಆ ತೀರ್ಥವನ್ನು ಭಕ್ತರು ಇಂದಿಗೂ ಕರಿಬಂಡೆಯ ನಡುವೆ ಕಾಣಬಹುದು. ಪಡುವಣ ಗಾಳಿಯ ದಿನಗಳಲ್ಲಿ ಇಲ್ಲಿಗೆ ಬರುವ ತಾಯಂದಿರು, ಮಕ್ಕಳ ಕೈಯನ್ನು ತೀರ್ಥದಲ್ಲಿ ಅದ್ದುವ ಮೊದಲು, ದಡಕ್ಕೆ ಬಿದ್ದ ಗುಳ್ಳೆಯೊಂದನ್ನು ಮುಟ್ಟದೆ ಹೆಡೆಯಿಂದ ನೀರಿಗೆ ತಳ್ಳುತ್ತಾರೆ. ಗಾಳಿ ಅದನ್ನು ಮರಳಿ ದಡಕ್ಕೇ ತಂದರೆ ಮತ್ತೆ ತಳ್ಳುತ್ತಾರೆ. ಅದರೊಳಗೊಂದು ಮನೆಮಂದಿಯೇ ಇದೆಯೆಂದು ಮಕ್ಕಳಿಗೆ ಮೆಲ್ಲಗೆ ಹೇಳಿಕೊಡುತ್ತಾರೆ.